ಮಕ್ಕಳನ್ನು ಬಯಲಿಗೆ ಕರೆಯುವ ದಾರಿಗಳು: ಯಾವುದು ಯಾರಿಗೆ ಹೊಂದುತ್ತದೆ?

ಮಗಳಿಗೆ ಏಳು ತುಂಬಿದ ವರ್ಷ ಅವಳಿಗೊಂದು ದುರ್ಬೀನು ತಂದುಕೊಟ್ಟೆ. ಹಕ್ಕಿಗಳ ಹುಚ್ಚು ಹತ್ತಿಸಬೇಕು, ಆ ನೆಪದಲ್ಲಾದರೂ ಹುಡುಗಿ ಹೊಸ್ತಿಲು ದಾಟಬೇಕು ಎಂಬುದು ನನ್ನ ಲೆಕ್ಕಾಚಾರ. ದುರ್ಬೀನು ಎರಡು ಸಲ ಹೊರಗೆ ಹೋಗಿ ಬಂದು ಗೋಡೆಯ ಮೊಳೆಗೆ ನೇತುಬಿತ್ತು. ಅದೇ ಮಳೆಗಾಲದಲ್ಲಿ ಮನೆಯ ಹಿಂದಿನ ಖಾಲಿ ಜಾಗದ ಗುಂಡಿಯೊಂದರಲ್ಲಿ ನೀರು ನಿಂತು ಗೊದಮೊಟ್ಟೆಗಳು ಕಾಣಿಸಿಕೊಂಡವು. ಯಾರೂ ಹೇಳದಿದ್ದರೂ ಅವಳು ದಿನಾ ಸಂಜೆ ಅಲ್ಲಿ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತಳು. ಮೊದಲು ಹಿಂಗಾಲು ಮೂಡಿದ್ದು, ಆಮೇಲೆ ಮುಂಗಾಲು ಬಂದದ್ದು, ಕೊನೆಗೆ ಬಾಲ ಕರಗಿದ್ದು ಎಲ್ಲದರ ವರದಿಯೂ ರಾತ್ರಿ ಊಟದ ಹೊತ್ತಿಗೆ ನನಗೆ ತಲುಪುತ್ತಿತ್ತು. ದುಡ್ಡು ಕೊಟ್ಟು ತಂದದ್ದು ಸೋತು ಕೆಸರುಗುಂಡಿ ಗೆದ್ದಿತ್ತು.

ಈ ಹೋಲಿಕೆ ಆ ಸೋಲಿನಿಂದ ಹುಟ್ಟಿದ್ದು. ಮಕ್ಕಳನ್ನು ಪ್ರಕೃತಿಯ ಹತ್ತಿರ ಒಯ್ಯಲು ದಾರಿಗಳು ಹಲವಿವೆ: ಮನೆ ಪಕ್ಕದ ಬಯಲು, ವಾರಾಂತ್ಯದ ಕಾಡು, ಗಿಡ ಬೆಳೆಸುವುದು, ಹಕ್ಕಿ ಹುಳುಗಳನ್ನು ನೋಡುವ ಹವ್ಯಾಸ, ರಜೆಯ ಶಿಬಿರ, ಮರಗಳ ನಡುವೆಯೇ ನಡೆಯುವ ಶಿಶುವಿಹಾರ. ಒಂದೊಂದಕ್ಕೂ ಹೊಗಳುಭಟರಿದ್ದಾರೆ. ನಾನು ಎಲ್ಲವನ್ನೂ ಅಳೆಯುವುದು ಒಂದೇ ಪ್ರಶ್ನೆಯಿಂದ: ಇದು ಮುಂದಿನ ವಾರವೂ ನಡೆಯುತ್ತದೆಯೇ? ಒಮ್ಮೆ ನಡೆದು ನಿಂತುಹೋಗುವಂಥದ್ದು ಎಷ್ಟೇ ಸೊಗಸಾಗಿದ್ದರೂ ಅದನ್ನು ಪ್ರವಾಸವೆನ್ನಬಹುದು, ಮಗುವಿನ ದಿನಚರಿ ಎನ್ನಲಾಗದು.

ಹತ್ತಿರದ ಬಯಲೋ, ದೂರದ ಕಾಡೋ?

ಮೊದಲ ಗೊಂದಲವೇ ಇದು. ಪ್ರಕೃತಿ ಎಂದೊಡನೆ ಜಲಪಾತ, ಬೆಟ್ಟ, ದಟ್ಟ ಅಡವಿ ಕಣ್ಣ ಮುಂದೆ ಬರುತ್ತವೆ. ಅಷ್ಟು ದೂರ ಹೋಗಲು ಬಿಡುವಿಲ್ಲವೆಂದು ಹಿರಿಯರು ಕೈಚೆಲ್ಲುತ್ತಾರೆ. ಆದರೆ ಈವರೆಗೆ ಚೆನ್ನಾಗಿ ಪರೀಕ್ಷೆಗೊಳಗಾದ ಲಾಭಗಳಲ್ಲಿ ಒಂದಕ್ಕೆ ಕಾಡಿನ ಅಗತ್ಯವೇ ಇಲ್ಲ. ಅದು ಕಣ್ಣಿನದು.

ದೀಪ ಹಚ್ಚಿದ ಕೋಣೆಯಲ್ಲಿ ಸಾಮಾನ್ಯವಾಗಿ 300ರಿಂದ 500 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕಿರುತ್ತದೆ. ಹೊರಗೆ ನೆರಳಿನಲ್ಲಿ ನಿಂತರೂ ಅದು ಹಲವು ಸಾವಿರ ಲಕ್ಸ್ ಆಗುತ್ತದೆ, ನೆತ್ತಿಯ ಮೇಲೆ ಬಿಸಿಲಿದ್ದರೆ 1,00,000 ಲಕ್ಸ್ ಮುಟ್ಟುತ್ತದೆ. ಪ್ರಖರ ಬೆಳಕಿಗೆ ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದು ಕಣ್ಣುಗುಡ್ಡೆ ಅಗತ್ಯಕ್ಕಿಂತ ಉದ್ದಕ್ಕೆ ಬೆಳೆಯದಂತೆ ತಡೆಯುತ್ತದೆ ಎಂಬುದು ಇಂದು ಹೆಚ್ಚು ತಜ್ಞರು ಒಪ್ಪುವ ವಿವರಣೆ. ಗುಡ್ಡೆ ಉದ್ದವಾದರೆ ದೂರದ್ದು ಮಸುಕಾಗುತ್ತದೆ. ಅದೇ ಸಮೀಪದೃಷ್ಟಿ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಮೂರು ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ಮಾಡಿದ ಬದಲಾವಣೆ ಇಷ್ಟೇ: ದಿನಕ್ಕೆ 40 ನಿಮಿಷದ ಒಂದು ಹೆಚ್ಚುವರಿ ಅವಧಿ ಹೊರಗೆ. ಮೂರು ವರ್ಷದ ಕೊನೆಗೆ ಮಾಮೂಲು ಶಾಲೆಗಳಲ್ಲಿ ಶೇ. 39.5 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು, ಹೊರಗೆ ಹೋದ ಶಾಲೆಗಳಲ್ಲಿ ಶೇ. 30.4 ಮಕ್ಕಳಿಗೆ. ತೈವಾನ್ 2010ರಿಂದಲೇ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕೆಂಬ ಕಾರ್ಯಕ್ರಮ ನಡೆಸುತ್ತಿದೆ. ಒಂದು ಎಚ್ಚರ: ಈ ಲಾಭ ಮುಖ್ಯವಾಗಿ ಸಮೀಪದೃಷ್ಟಿ ಬಾರದಂತೆ ತಡೆಯುವಲ್ಲಿದೆ. ಕನ್ನಡಕ ಬಂದ ಮೇಲೆ ಅದರ ಪವರ್ ಏರುವುದನ್ನು ಇದು ಎಷ್ಟರಮಟ್ಟಿಗೆ ತಗ್ಗಿಸುತ್ತದೆ ಎಂಬುದು ಅಷ್ಟು ಖಚಿತವಿಲ್ಲ. ಆದ್ದರಿಂದ ಈ ಕೆಲಸಕ್ಕೆ ಚಿಕ್ಕ ವಯಸ್ಸೇ ಸರಿ. ಮಗುವನ್ನು ಸುಡುಬಿಸಿಲಿಗೆ ದೂಡಬೇಕಾಗಿಲ್ಲ, ಟೊಪ್ಪಿ ಹಾಕಿ ಮರದ ನೆರಳಿನಲ್ಲಿ ಆಡಲು ಬಿಟ್ಟರೂ ಕೋಣೆಯ ಎಷ್ಟೋ ಪಟ್ಟು ಬೆಳಕು ಕಣ್ಣಿಗೆ ದಕ್ಕುತ್ತದೆ.

ಕಣ್ಣಿನ ಲೆಕ್ಕದಲ್ಲಿ ನೋಡಿದರೆ ತಿಂಗಳಿಗೊಮ್ಮೆ ಹೋಗುವ ಅಡವಿಗಿಂತ ದಿನವೂ ಸಿಗುವ ತೆರೆದ ಮಾಳಿಗೆಯೇ ಮೇಲು. ಮೈಯ ಲೆಕ್ಕವೂ ಹೆಚ್ಚುಕಡಿಮೆ ಹೀಗೇ ಇದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂತೆ ಮೈ ದಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದರಿಂದ ನಾಲ್ಕು ವರ್ಷದ ಪುಟಾಣಿಗಳಿಗೆ ಅದು ಹೇಳುವುದು ದಿನವಿಡೀ ಹರಡಿದ 180 ನಿಮಿಷಗಳ ಓಡಾಟ. ಇವು ಭಾನುವಾರ ಒಂದೇ ದಿನ ತುಂಬಿಕೊಡಬಹುದಾದ ಸಾಲಗಳಲ್ಲ.

ಫಿನ್‌ಲ್ಯಾಂಡಿನಿಂದ 2020ರಲ್ಲಿ ಬಂದ ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಅಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯಲಿಲ್ಲ, ಕಾಡಿನ ನೆಲವನ್ನೇ ಶಿಶುವಿಹಾರದ ಜಲ್ಲಿಕಲ್ಲಿನ ಅಂಗಳಕ್ಕೆ ತಂದು ಹಾಸಿದರು: ಪಾಚಿ, ಕುರುಚಲು, ಮಣ್ಣಿನೊಡನೆ ಎತ್ತಿದ ಹುಲ್ಲುಹಾಸು. ಮೂರರಿಂದ ಐದು ವರ್ಷದ ಮಕ್ಕಳು ಅದರ ಮೇಲೆ 28 ದಿನ ಆಡಿದರು. ಅವರ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಹದದಲ್ಲಿಡುವ ಅಂಶಗಳೂ ಬದಲಾದವು. ನೋಡಿದ್ದು 75 ಮಕ್ಕಳನ್ನು ಮಾತ್ರ. ಅವರಿಗೆ ಮುಂದೆ ಅಲರ್ಜಿಯೇ ಬರುವುದಿಲ್ಲ ಎಂದು ಇದರಿಂದ ಯಾರೂ ಹೇಳುವಂತಿಲ್ಲ. ಆದರೂ ಮಣ್ಣು ಮುಟ್ಟಿದ ಕೈಯನ್ನು ಕಂಡು ಹೌಹಾರುವವರಿಗೆ ಇದನ್ನು ಓದಿಸಬೇಕು ಎನ್ನಿಸುತ್ತದೆ.

ಹಾಗಾದರೆ ದೂರದ ಕಾಡು ಬೇಡವೇ? ಬೇಕು, ಆದರೆ ಬೇರೆ ಕಾರಣಕ್ಕೆ. ಕತ್ತಲೆ ಎಂದರೆ ಎಷ್ಟು ಕಪ್ಪು, ಮೌನದಲ್ಲಿ ಎಷ್ಟು ಸದ್ದಿರುತ್ತದೆ, ಒಂದು ಮರ ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು ಪಕ್ಕದ ಪಾರ್ಕ್ ತೋರಿಸಲಾರದು. ವರ್ಷಕ್ಕೆ ಮೂರು ನಾಲ್ಕು ಬಾರಿ ಹೋಗಿಬನ್ನಿ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರಲ್ಲಿ, ವಾರಕ್ಕೆ ಕನಿಷ್ಠ 120 ನಿಮಿಷ ಹಸಿರಿನ ನಡುವೆ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳುವ ಸಾಧ್ಯತೆ ಹೆಚ್ಚಿತ್ತು. ಅಷ್ಟು ಹೊತ್ತನ್ನು ಒಂದೇ ಸಲ ಕಳೆದರೂ ತುಂಡು ತುಂಡಾಗಿ ಕಳೆದರೂ ವ್ಯತ್ಯಾಸ ಕಾಣಲಿಲ್ಲ. ಅದು ಮಕ್ಕಳ ಮೇಲೆ ಮಾಡಿದ ಅಧ್ಯಯನವಲ್ಲ. ಆದರೆ ಮಗುವಿನ ಜೊತೆ ಹೋಗುವ ದೊಡ್ಡವರ ಸುಖವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ.

ಒಂದು ಕಿವಿಮಾತು. ಚಿಕ್ಕ ಮಗುವಿನೊಡನೆ ಕಾಡುದಾರಿಯಲ್ಲಿ ನಡೆಯುವಾಗ ತಲುಪಬೇಕಾದ ಜಾಗವನ್ನು ತಲೆಯಿಂದ ತೆಗೆದುಹಾಕಿ. ನಾಲ್ಕು ವರ್ಷದವನಿಗೆ ಇರುವೆಸಾಲು ಸಿಕ್ಕಿದಲ್ಲೇ ಶಿಖರ.

ಜಾರುಬಂಡೆಯೋ, ಕೋಲು ಕಲ್ಲುಗಳೋ?

ಪಾರ್ಕ್ ಹತ್ತಿರವಿದೆ ಎಂದುಕೊಳ್ಳಿ. ಒಂದು ಕಡೆ ಬಣ್ಣಬಣ್ಣದ ಜಾರುಬಂಡೆ, ಉಯ್ಯಾಲೆ. ಇನ್ನೊಂದು ಕಡೆ ಯಾರೂ ಗುಡಿಸದ ಮೂಲೆ, ಅಲ್ಲಿ ಒಣಗಿದ ಕೊಂಬೆ, ಕಲ್ಲು, ಮಣ್ಣುಗುಡ್ಡೆ. ಮೊದಲನೆಯದು ಚಿಕ್ಕವರಿಗೆ, ಅರ್ಧ ಗಂಟೆಗೆ, ಮೈ ದಣಿಸಲು ಒಳ್ಳೆಯದು. ಆದರೆ ಜಾರುಬಂಡೆಯಲ್ಲಿ ಜಾರುವುದನ್ನು ಬಿಟ್ಟು ಮಾಡಲು ಹೆಚ್ಚೇನಿಲ್ಲ. ಕೋಲು ಹಾಗಲ್ಲ, ಅದು ಗಳಿಗೆಗೊಂದು ರೂಪ ತಾಳುತ್ತದೆ: ಕತ್ತಿ, ಕುದುರೆ, ಸೇತುವೆ, ಮನೆಯ ಕಂಬ. ಒಂದು ಪರಿಸರದಲ್ಲಿ ಅತ್ತಿತ್ತ ಮಾಡಬಹುದಾದ ಬಿಡಿ ಸಾಮಾನು ಎಷ್ಟಿದೆಯೋ ಅಲ್ಲಿ ಸೃಜನಶೀಲತೆಗೂ ಅಷ್ಟು ಅವಕಾಶ ಎಂದು ಬ್ರಿಟನ್ನಿನ ಕಲಾವಿದ ಸೈಮನ್ ನಿಕಲ್ಸನ್ 1971ರಲ್ಲಿ ವಾದಿಸಿದರು. ಅದಕ್ಕೂ ಮೊದಲು ಡೆನ್ಮಾರ್ಕಿನ ಉದ್ಯಾನ ವಿನ್ಯಾಸಕಾರ ಕಾರ್ಲ್ ಥಿಯೋಡರ್ ಸೋರೆನ್‌ಸೆನ್ ಒಂದು ಸಂಗತಿ ಗಮನಿಸಿದ್ದರು: ತಾವು ಅಚ್ಚುಕಟ್ಟಾಗಿ ಕಟ್ಟಿಕೊಟ್ಟ ಆಟದ ಮೈದಾನಗಳನ್ನು ಬಿಟ್ಟು ಮಕ್ಕಳು ಮನೆ ಕಟ್ಟುವ ಜಾಗಗಳಲ್ಲಿ ಹಲಗೆ, ಇಟ್ಟಿಗೆ ಹುಡುಕಿಕೊಂಡು ಆಡುತ್ತಿದ್ದಾರೆ. ಅದರ ಫಲವಾಗಿ 1943ರಲ್ಲಿ ಕೋಪನ್‌ಹೇಗನ್ ಬಳಿಯ ಎಮ್‌ಡ್ರೂಪ್‌ನಲ್ಲಿ ಗುಜರಿ ಸಾಮಾನುಗಳ ಆಟದ ಬಯಲು ತೆರೆಯಿತು.

ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಗುಡಿಸದ ಮೂಲೆಗೇ ನನ್ನ ಮತ. ಆದರೆ ಅಲ್ಲಿ ಹಿರಿಯರು ಕೆಲಸ ಮಾಡಬೇಕಾದ್ದು ಮೊದಲ ಐದು ನಿಮಿಷ. ಗಾಜಿನ ಚೂರು, ತುಕ್ಕುಹಿಡಿದ ತಂತಿ, ಮುಚ್ಚದ ಗುಂಡಿ ಇದೆಯೇ ನೋಡಿಬಿಡಿ. ಇವು ಮಗುವಿನ ಕಣ್ಣಿಗೆ ಬೀಳದ ಅಪಾಯಗಳು, ಇವನ್ನು ತೆಗೆಯುವುದು ನಮ್ಮ ಪಾಲಿನದು. ಮರದ ಎತ್ತರ ಹಾಗಲ್ಲ, ಅದು ಮಗುವಿಗೂ ಕಾಣುತ್ತದೆ. ಎಷ್ಟು ಏರಿದರೆ ಕಾಲು ನಡುಗುತ್ತದೆ ಎಂಬುದನ್ನು ಅದೇ ಕಲಿಯಬೇಕು. ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಮಕ್ಕಳು ತಾವಾಗಿ ಹುಡುಕಿಕೊಂಡು ಹೋಗುವ ಸಾಹಸದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹರಿತವಾದ ಉಪಕರಣ, ನೀರು ಬೆಂಕಿಗಳ ಸನಿಹ, ಕುಸ್ತಿಯಾಟ, ಹಿರಿಯರ ಕಣ್ಣಿಂದ ಮರೆಯಾಗುವುದು. ಕೆನಡಾದ ಮಕ್ಕಳ ವೈದ್ಯರ ಸಂಘ 2024ರಲ್ಲಿ ಇಂಥ ಆಟದ ಪರವಾಗಿಯೇ ಹೇಳಿಕೆ ಹೊರಡಿಸಿತು. ನಾನು ಸಡಿಲ ಬಿಡದಿರುವುದು ನೀರಿನ ವಿಷಯದಲ್ಲಿ ಮಾತ್ರ. ಚಿಕ್ಕ ಮಗು ಮುಳುಗುವಾಗ ಕೂಗುವುದಿಲ್ಲ, ಕೆಲವೇ ಅಂಗುಲ ನೀರೂ ಸಾಕು. ಈಜು ಬಾರದ ಮಗು ಕೈಗೆಟಕುವಷ್ಟು ಹತ್ತಿರವಿರಬೇಕು, ಮೊಬೈಲ್ ಜೇಬಿನಲ್ಲಿರಬೇಕು. ಗೊದಮೊಟ್ಟೆಯ ಗುಂಡಿಯ ಪಕ್ಕದಲ್ಲೂ ನಾನೊಂದು ಕಲ್ಲಿನ ಮೇಲೆ ಕೂತಿರುತ್ತಿದ್ದೆ.

ಬೆಳೆಸುವುದೋ, ನೋಡುವುದೋ?

ಗಿಡ ಬೆಳೆಸುವುದು ಮನೆಯಿಂದ ಹೊರಗೆ ಹೋಗಲು ಕಷ್ಟವಿರುವವರಿಗೆ, ಬಹುಮಹಡಿಯಲ್ಲಿ ಇರುವವರಿಗೆ ಒಳ್ಳೆಯ ಆಯ್ಕೆ. ಅದು ದಿನವೂ ಐದು ನಿಮಿಷ ಕೇಳುತ್ತದೆ, ಮಗುವಿಗೊಂದು ಜವಾಬ್ದಾರಿ ಕೊಡುತ್ತದೆ. ಸೋಲುವುದು ಸಾಮಾನ್ಯವಾಗಿ ಬೀಜದ ಆಯ್ಕೆಯಲ್ಲಿ. ಹೂಬಿಡಲು ಮೂರು ವರ್ಷ ಕಾಯಿಸುವ ಗಿಡವನ್ನು ಐದು ವರ್ಷದ ಮಗುವಿನ ಕೈಗೆ ಕೊಡಬಾರದು. ಹುರುಳಿಕಾಯಿಯ ಬೀಜ ಸುಮಾರು ಒಂದು ವಾರದಲ್ಲಿ ಮೊಳೆಯುತ್ತದೆ. ಗಾಜಿನ ಲೋಟದಲ್ಲಿ ಒದ್ದೆ ಬಟ್ಟೆಯ ಅಂಚಿಗೆ ಸಿಕ್ಕಿಸಿದರೆ ಬೇರು ಮೊದಲು ಇಳಿದು ಆಮೇಲೆ ಕಾಂಡ ಏಳುವುದೂ ಕಾಣುತ್ತದೆ. ಮೂಲಂಗಿಯ ಬೇಗ ಬರುವ ತಳಿಗಳು 25-30 ದಿನಕ್ಕೆ ಕೀಳಲು ಸಿದ್ಧ. ಸೂರ್ಯಕಾಂತಿಗೆ ಎರಡು ಮೂರು ತಿಂಗಳು ಬೇಕು, ಆದರೆ ಅದು ಮಗುವಿಗಿಂತ ಎತ್ತರ ಬೆಳೆಯುವ ಕಾರಣ ಕಾಯಿಸಿದ್ದನ್ನು ಮರೆಸುತ್ತದೆ. ಒಂದು ಗಿಡ ಸತ್ತರೆ ಗುಟ್ಟಾಗಿ ಬದಲಿಸಬೇಡಿ.

ನೋಡುವ ಹವ್ಯಾಸಕ್ಕೆ ತಾಳ್ಮೆ ಹೆಚ್ಚು ಬೇಕು ಎಂಬ ಮಾತಿದೆ. ಹಕ್ಕಿಗೆ ಸಂಬಂಧಿಸಿದಂತೆ ಅದು ನಿಜ, ಹುಳುಗಳ ವಿಷಯದಲ್ಲಿ ಅಲ್ಲ. ಹಕ್ಕಿ ಹಾರಿಹೋಗುತ್ತದೆ, ಬಸವನಹುಳು ಎಲ್ಲಿಗೂ ಹೋಗುವುದಿಲ್ಲ. ಎಂಟು ವರ್ಷದೊಳಗಿನವರಿಗೆ ಭೂತಕನ್ನಡಿ ಕೊಡಿ, ದುರ್ಬೀನು ಆಮೇಲಿರಲಿ. ನನ್ನ ದುರ್ಬೀನು ಯಾಕೆ ಮೊಳೆಗೆ ನೇತುಬಿತ್ತು ಎಂಬುದು ಬಹಳ ತಡವಾಗಿ ತಿಳಿಯಿತು. ಅದು 10×50. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ ಮಿಲಿಮೀಟರುಗಳಲ್ಲಿ. ಹತ್ತು ಪಟ್ಟು ಹಿಗ್ಗಿಸಿದಾಗ ಕೈಯ ನಡುಕವೂ ಹತ್ತು ಪಟ್ಟು ಹಿಗ್ಗುತ್ತದೆ, 50 ಮಿಲಿಮೀಟರಿನ ಮಸೂರ ಭಾರವಾಗಿ ಕುತ್ತಿಗೆ ಎಳೆಯುತ್ತದೆ. ಅದಕ್ಕಿಂತ ದೊಡ್ಡ ತೊಡಕು: ಎರಡು ಕಣ್ಣುಗಳ ನಡುವಿನ ಅಂತರ ಮಕ್ಕಳಲ್ಲಿ ಕಡಿಮೆ, ದೊಡ್ಡವರ ದುರ್ಬೀನು ಅಷ್ಟು ಹತ್ತಿರಕ್ಕೆ ಮಡಚಿಕೊಳ್ಳುವುದೇ ಇಲ್ಲ. ಪಾಪ, ಆ ಹುಡುಗಿಗೆ ಒಂದೇ ಕಣ್ಣಿನಿಂದ ಮಸುಕು ಆಕಾಶ ಕಾಣುತ್ತಿತ್ತು. ಮಕ್ಕಳಿಗೆ 6×30 ಅಥವಾ ಹಗುರವಾದ 8×30 ಸರಿ, ಅದೂ ಕೊಳ್ಳುವ ಮುನ್ನ ಮಗುವಿನ ಕಣ್ಣಿಗೆ ಹಿಡಿದು ನೋಡಿ.

ಮೊಬೈಲ್ ಆ್ಯಪ್ ಬಳಸಬೇಕೇ ಎಂಬುದು ಇನ್ನೊಂದು ಜಗಳ. ಹೊರಗೆ ಹೋಗುವುದೇ ಪರದೆ ಬಿಡಲು, ಅಲ್ಲಿಯೂ ಪರದೆಯೇ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ನನ್ನ ರಾಜಿಸೂತ್ರ ಹೀಗೆ: ಹತ್ತು ವರ್ಷದವರೆಗೆ ಪುಸ್ತಕ, ಪೆನ್ಸಿಲ್, ಸ್ವಂತ ಹೆಸರು. ಹುಳುವಿಗೆ ಮಗು ತಾನೇ ಇಟ್ಟ ಹೆಸರು ವೈಜ್ಞಾನಿಕ ಹೆಸರಿಗಿಂತ ಹೆಚ್ಚು ಕಾಲ ನೆನಪಿರುತ್ತದೆ, ಚಿತ್ರ ಬಿಡಿಸುವಾಗ ಕಾಲು ಆರೋ ಎಂಟೋ ಎಂದು ಎಣಿಸಲೇಬೇಕಾಗುತ್ತದೆ. ಅದಾದ ಮೇಲೆ ಐನ್ಯಾಚುರಲಿಸ್ಟ್‌ನಂಥ ಜಾಲ ನಿಜಕ್ಕೂ ಸೊಗಸು. 2008ರಲ್ಲಿ ಆರಂಭವಾದ ಅದರಲ್ಲಿ ನಾವು ತೆಗೆದ ಚಿತ್ರವನ್ನು ಲೋಕದ ಇನ್ನೊಂದು ತುದಿಯ ಬಲ್ಲವರು ಗುರುತಿಸುತ್ತಾರೆ. ಮನೆಯ ಹತ್ತಿರದ ಚಿತ್ರಗಳಿಗೆ ನಿಖರ ಸ್ಥಳವನ್ನು ಮರೆಮಾಡುವ ಆಯ್ಕೆ ಅದರಲ್ಲಿದೆ, ಮರೆಯದೆ ಬಳಸಿ. ಅದೇ ಬಳಗದ ಸೀಕ್ ಎಂಬ ಆ್ಯಪ್‌ಗೆ ಖಾತೆ ತೆರೆಯುವ ಅಗತ್ಯವೇ ಇಲ್ಲ, ಆದ್ದರಿಂದ ಚಿಕ್ಕವರಿಗೆ ಅದು ವಾಸಿ.

ಶಿಬಿರಕ್ಕೆ ಸೇರಿಸುವ ಮುನ್ನ

ಸಂಘಟಿತ ಕಾರ್ಯಕ್ರಮಗಳಲ್ಲಿ ಮೂರು ಬಗೆ. ರಜೆಯಲ್ಲಿ ಕೆಲವು ದಿನ ನಡೆಯುವ ಶಿಬಿರ, ವಾರವಾರ ಸೇರುವ ಸ್ಕೌಟ್ ತಂಡದಂಥ ಗುಂಪು, ಪುಟ್ಟ ಮಕ್ಕಳಿಗಾಗಿ ಕಾಡಿನಲ್ಲೇ ನಡೆಯುವ ಶಿಶುವಿಹಾರ. ಸ್ಕೌಟಿಂಗ್‌ನ ಬೀಜ ಬಿದ್ದದ್ದು 1907ರಲ್ಲಿ, ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್ ಸುಮಾರು ಇಪ್ಪತ್ತು ಹುಡುಗರನ್ನು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಕರೆದೊಯ್ದಾಗ. ಕಾಡಿನ ಶಿಶುವಿಹಾರ 1950ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಎಲಾ ಫ್ಲಾಟೌ ಎಂಬ ತಾಯಿ ತನ್ನ ಮಕ್ಕಳನ್ನೂ ನೆರೆಯ ಮಕ್ಕಳನ್ನೂ ದಿನಾ ಕಾಡಿಗೆ ಕರೆದೊಯ್ದದ್ದರಿಂದ ಶುರುವಾಯಿತು. ಅದಕ್ಕೆ ಜರ್ಮನಿಯಲ್ಲಿ ಅಧಿಕೃತ ಮಾನ್ಯತೆ ದೊರೆತದ್ದು 1993ರಲ್ಲಿ, ಫ್ಲೆನ್ಸ್‌ಬರ್ಗ್‌ನಲ್ಲಿ.

ನನ್ನ ಪ್ರಶ್ನೆಯಿಂದ ಅಳೆದರೆ ರಜೆಯ ಶಿಬಿರ ಕೊನೆಯಲ್ಲಿ ನಿಲ್ಲುತ್ತದೆ, ವಾರದ ಗುಂಪು ಮುಂದೆ ಬರುತ್ತದೆ. ಶಿಬಿರ ಬೆಂಕಿಕಡ್ಡಿಯಂತೆ, ಮನೆಯಲ್ಲಿ ಸೌದೆ ಜೋಡಿಸಿದ್ದರೆ ಮಾತ್ರ ಉಪಯೋಗ. ಆದರೂ ಹನ್ನೆರಡು ದಾಟಿದವರಿಗೆ ಈ ಕ್ರಮ ತಲೆಕೆಳಗಾಗುತ್ತದೆ. ಆ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಹೂ ನೋಡಲು ಹೋಗುವುದು ಮಾನದ ಪ್ರಶ್ನೆ. ಗೆಳೆಯರೊಡನೆ ಡೇರೆಯಲ್ಲಿ ರಾತ್ರಿ ಕಳೆಯುವುದು, ನಕ್ಷೆ ಹಿಡಿದು ತಾವೇ ದಾರಿ ಹುಡುಕುವುದು, ಜಿಪಿಎಸ್ ಹಿಡಿದು ಬಚ್ಚಿಟ್ಟ ಡಬ್ಬಿ ಪತ್ತೆಹಚ್ಚುವ ಜಿಯೋಕ್ಯಾಚಿಂಗ್, ಇವು ಅವರನ್ನು ಎಳೆಯುತ್ತವೆ. ಅಮೆರಿಕ 2000ದ ಮೇ 2ರಂದು ಜಿಪಿಎಸ್ ಸಂಕೇತಗಳನ್ನು ಬೇಕೆಂದೇ ಮಸುಕುಗೊಳಿಸುವುದನ್ನು ನಿಲ್ಲಿಸಿತು, ಮರುದಿನವೇ ಒಬ್ಬಾತ ಆರೆಗಾನ್‌ನಲ್ಲಿ ಮೊದಲ ಡಬ್ಬಿ ಹೂತಿಟ್ಟ. ಅಂದು ಶುರುವಾದ ಆಟ ಇಂದು ಲೋಕವಿಡೀ ಹರಡಿದೆ.

ಆಯೋಜಕರನ್ನು ಕೇಳಬೇಕಾದ್ದು ಹೆಚ್ಚಿಲ್ಲ. ಎಷ್ಟು ಮಕ್ಕಳಿಗೆ ಒಬ್ಬ ಹಿರಿಯರು? ಪ್ರಥಮ ಚಿಕಿತ್ಸೆ ಬಲ್ಲವರು ಯಾರು? ಗುಡುಗು ಕೇಳಿಸಿದರೆ ಏನು ಮಾಡುತ್ತೀರಿ? ಕೂಡಲೇ ಗಟ್ಟಿ ಕಟ್ಟಡದೊಳಗೆ, ಕೊನೆಯ ಗುಡುಗಿನ ಮೇಲೆ 30 ನಿಮಿಷ ಕಾದು ಹೊರಗೆ ಎಂಬುದು ಸರಿಯುತ್ತರ. ಮರದ ಕೆಳಗೆ ಸೇರಿಸುತ್ತೇವೆ ಎಂದವರಿಗೆ ನಮಸ್ಕಾರ ಹೇಳಿ ಬನ್ನಿ. ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ವೇಳಾಪಟ್ಟಿಯಲ್ಲಿ ಖಾಲಿ ಹೊತ್ತು ಎಷ್ಟಿದೆ? ಗಂಟೆಗೊಂದು ಚಟುವಟಿಕೆ ತುರುಕಿದ ಶಿಬಿರವೊಂದಕ್ಕೆ ನಾನು ಮಗನನ್ನು ಕಳಿಸಿದ್ದೆ. ನಾಲ್ಕು ದಿನದಲ್ಲಿ ಒಂದು ಕಲ್ಲನ್ನೂ ಎತ್ತಿ ಕೆಳಗೇನಿದೆ ಎಂದು ನೋಡಲು ಪುರುಸೊತ್ತಾಗಲಿಲ್ಲ ಎಂದು ಅವನು ಮುಖ ಉಬ್ಬಿಸಿಕೊಂಡು ಬಂದ.

ಗಾಲಿಕುರ್ಚಿ ಬಳಸುವ ಮಗುವಿದ್ದರೆ ದಾರಿಯ ಇಳಿಜಾರು, ಶೌಚಾಲಯ ಎರಡನ್ನೂ ಒಮ್ಮೆ ನೀವೇ ಹೋಗಿ ನೋಡಿಬನ್ನಿ, ದೂರವಾಣಿಯ ಮಾತು ನಂಬಬೇಡಿ. ಎತ್ತರಿಸಿ ಕಟ್ಟಿದ ಗಿಡದ ಮಡಿಗಳಿದ್ದರೆ ಮಣ್ಣು ಕೈಗೆಟಕುತ್ತದೆ. ಸದ್ದು, ಜನಜಂಗುಳಿ ತಡೆಯಲಾಗದ ಮಕ್ಕಳಿಗೆ ಗುಂಪಿಗಿಂತ ಒಂದೇ ಜಾಗ, ಒಂದೇ ಹೊತ್ತು ಹಿತ.

ಒಲ್ಲೆ ಎನ್ನುವ ಮಗು

ಇಷ್ಟೆಲ್ಲ ಅಳೆದು ತೂಗಿ ಆರಿಸಿದ ಮೇಲೂ ಮಗು ಸೋಫಾದಿಂದ ಏಳದಿರಬಹುದು. ಇಲ್ಲಿ ಹಿರಿಯರ ಮುಂದೆ ಸಾಮಾನ್ಯವಾಗಿ ಇರುವುದು ಎರಡು ದಾರಿ: ಆಮಿಷ ಇಲ್ಲವೇ ಗದರಿಕೆ. ಒಂದು ಗಂಟೆ ಹೊರಗಿದ್ದರೆ ಅರ್ಧ ಗಂಟೆ ಮೊಬೈಲ್ ಎಂಬ ಒಪ್ಪಂದ ಮೊದಲ ವಾರ ಚೆನ್ನಾಗಿ ನಡೆಯುತ್ತದೆ. ಆದರೆ ಅದು ಬಯಲನ್ನು ದಂಡವಾಗಿಯೂ ಮೊಬೈಲನ್ನು ಬಹುಮಾನವಾಗಿಯೂ ಮಾಡಿಬಿಡುತ್ತದೆ, ಮಗು ಮರದ ಕೆಳಗೆ ನಿಂತು ಗಡಿಯಾರ ನೋಡುತ್ತದೆ. ಗದರಿಕೆಯ ಬಗ್ಗೆ ಹೇಳುವುದೇ ಬೇಡ.

ಒಳಗೆ ಮಾಡುವುದನ್ನೇ ಹೊರಗೆ ಒಯ್ಯುವುದು ಇದಕ್ಕಿಂತ ವಾಸಿ. ಓದುವ ಪುಸ್ತಕ, ಬಣ್ಣದ ಪೆಟ್ಟಿಗೆ, ಸಂಜೆಯ ತಿಂಡಿ, ಬೇಕಾದರೆ ಶಾಲೆಯ ಮನೆಗೆಲಸವನ್ನೂ ಚಾಪೆಯ ಮೇಲೆ ಹರಡಿ. ಬಾಗಿಲ ಬಳಿ ಒಂದು ಚೀಲ ಸದಾ ಸಿದ್ಧವಿರಲಿ: ಕೊಳೆಯಾದರೂ ಚಿಂತೆಯಿಲ್ಲದ ಒಂದು ಜೊತೆ ಬಟ್ಟೆ, ಹಳೆಯ ಟವಲು, ನೀರಿನ ಬಾಟಲಿ. ಹೊರಡುವ ಮುನ್ನ ಹತ್ತು ನಿಮಿಷ ಹುಡುಕಾಡಿದರೆ ಅರ್ಧ ಉತ್ಸಾಹ ಅಲ್ಲೇ ಸೋರಿಹೋಗುತ್ತದೆ.

ನಮ್ಮ ಮನೆಯಲ್ಲಿ ಉಳಿದುಬಂದ ಉಪಾಯ ಇನ್ನೂ ಸರಳ. ಸಂಜೆಯಾದರೆ ನಾನು ಯಾರನ್ನೂ ಕರೆಯದೆ ಒಂದು ಕುರ್ಚಿ ಎತ್ತಿಕೊಂಡು ಹಿಂದಿನ ಖಾಲಿ ಜಾಗಕ್ಕೆ ಹೋಗಿ ಕೂರುತ್ತೇನೆ, ಏನನ್ನೋ ದಿಟ್ಟಿಸಿ ನೋಡುತ್ತೇನೆ. ಹತ್ತು ನಿಮಿಷ ಕಳೆದ ಮೇಲೆ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿಸುತ್ತದೆ, ಏನು ನೋಡುತ್ತಿದ್ದೀರಿ ಎಂಬ ಪ್ರಶ್ನೆ ಬರುತ್ತದೆ. ಕೆಲವು ದಿನ ಬರುವುದಿಲ್ಲ. ಅಂಥ ದಿನಗಳಿಗೆಂದು ಮೊಳೆಗೆ ನೇತುಬಿದ್ದಿದ್ದ ಆ 10×50 ದುರ್ಬೀನನ್ನು ಇಳಿಸಿ ಜೊತೆಗೆ ಒಯ್ಯುತ್ತೇನೆ. ನನ್ನ ಕಣ್ಣಿಗೆ ಅದು ಸರಿಯಾಗಿಯೇ ಕೂರುತ್ತದೆ.